ಬ್ಯಾಸ್ಕೆಟ್‌ಬಾಲ್ ಜನಕನ ಮೊದಲ ಋತು: ಏಳು ಗೆಲುವು, ನಾಲ್ಕು ಸೋಲು

ಗದಗ: ಕಾಲೇಜಿಗೆ ಹೊಸ ದೈಹಿಕ ಶಿಕ್ಷಣ ನಿರ್ದೇಶಕರು ಬಂದ ವರ್ಷ ಅವರ ಕೆಲಸದ ಲೆಕ್ಕ ಇಡುವವರು ಕಾಲೇಜಿನ ಕಚೇರಿಯಲ್ಲಿ ಮಾತ್ರ ಇರುವುದಿಲ್ಲ. ಗದಗ-ಬೆಟಗೇರಿ ಅವಳಿ ನಗರದ ಗಿರ್ಮಿಟ್ ಅಂಗಡಿಗಳ ಮುಂದೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಚಹಾದಂಗಡಿಗಳ ಬೆಂಚುಗಳ ಮೇಲೆ ಆ ಲೆಕ್ಕ ಪ್ರತಿ ಸಂಜೆಯೂ ನಡೆಯುತ್ತದೆ. ಅಂತರ ಕಾಲೇಜು ಪಂದ್ಯಾವಳಿ ಮುಗಿಯುವುದೇ ತಡ, ಹಳೆಯ ವಿದ್ಯಾರ್ಥಿಗಳೂ ಆಟದ ಅಭಿಮಾನಿಗಳೂ ಸೇರಿ ಎಷ್ಟು ಗೆದ್ದರು, ಎಷ್ಟು ಸೋತರು, ಹಿಂದಿನವರ ಕಾಲದಲ್ಲಿ ಎಷ್ಟಿತ್ತು ಎಂದು ತೂಗಿ ನೋಡುತ್ತಾರೆ. ತೀರ್ಪು ಬಹುಬೇಗ ಹೊರಬೀಳುತ್ತದೆ. ಮೊದಲ ವರ್ಷ ಗೆದ್ದವರು ಗುರುಗಳು, ಸೋತವರು ಸಂಬಳಕ್ಕೆ ಬಂದವರು.

ಇಂಥ ಲೆಕ್ಕದಲ್ಲಿ ಕೊನೆಗೆ ಸೋತವರ ಸಾಲಿಗೆ ಸೇರಿದ ಒಬ್ಬ ತರಬೇತುದಾರನಿದ್ದಾನೆ. ಆತ ಸಾಮಾನ್ಯನಲ್ಲ, ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಮೊದಲ ಬ್ಯಾಸ್ಕೆಟ್‌ಬಾಲ್ ತರಬೇತುದಾರರಾದ ಅವರು, ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಿರುವ ಏಕೈಕ ತರಬೇತುದಾರರೂ ಹೌದು. ಆಟವನ್ನು ಸೃಷ್ಟಿಸಿದವರಿಗೇ ಆ ಆಟದ ಅಂಕಪಟ್ಟಿ ಅನುಕೂಲವಾಗಿರಲಿಲ್ಲ. ಆದರೂ ಅವರ ಹೆಸರು ಉಳಿದದ್ದು ಹೇಗೆ ಎಂಬುದನ್ನು ಅವರ ಬದುಕೇ ಹೇಳುತ್ತದೆ.

ತಬ್ಬಲಿ ಬಾಲಕ

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಲ್ಮಾಂಟ್ ಎಂಬ ಊರಿನ ಸಮೀಪದಲ್ಲಿ. ತಂದೆ-ತಾಯಿ ಸ್ಕಾಟ್ಲೆಂಡ್ ಮೂಲದವರು. 1870ರಲ್ಲಿ ವಿಷಮಶೀತ ಜ್ವರಕ್ಕೆ ತುತ್ತಾಗಿ ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡಾಗ ಬಾಲಕನಿಗೆ ಸುಮಾರು ಒಂಬತ್ತು ವರ್ಷ. ಅಕ್ಕ ಮತ್ತು ತಮ್ಮನೊಡನೆ ಆತ ಸೋದರಮಾವ ಪೀಟರ್ ಯಂಗ್ ಅವರ ಆಶ್ರಯದಲ್ಲಿ ಬೆಳೆದ. ಹೊಲದ ಕೆಲಸ, ಕಾಡಿನಲ್ಲಿ ಮರ ಕಡಿಯುವ ಕೆಲಸ ಎರಡೂ ಆತನಿಗೆ ಚಿಕ್ಕಂದಿನಲ್ಲೇ ಒಗ್ಗಿದವು. ಓದನ್ನು ನಡುವೆಯೇ ಬಿಟ್ಟು ಕೆಲವು ವರ್ಷ ಮರ ಕಡಿಯುವವರ ಜೊತೆ ದುಡಿದ ಆ ಹುಡುಗ, ಇಪ್ಪತ್ತರ ಸುಮಾರಿಗೆ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ.

ಆ ಊರಿನ ಮಕ್ಕಳು ಆಡುತ್ತಿದ್ದ ಒಂದು ಕಲ್ಲಿನ ಆಟವಿತ್ತು. ದೊಡ್ಡ ಬಂಡೆಯ ಮೇಲೆ ಚಿಕ್ಕ ಕಲ್ಲೊಂದನ್ನು ಇಟ್ಟು ದೂರದಿಂದ ಹೊಡೆದು ಬೀಳಿಸಬೇಕು. ನೇರವಾಗಿ ಬೀಸಿ ಒಗೆದರೆ ಕಲ್ಲು ದೂರ ಹಾರಿಹೋಗುತ್ತಿತ್ತು, ಅದನ್ನು ತರಲು ಓಡುವಷ್ಟರಲ್ಲಿ ಎದುರಾಳಿಯ ಕೈಗೆ ಸಿಗುವ ಅಪಾಯವಿತ್ತು. ಮೇಲಕ್ಕೆತ್ತಿ ಮೆಲ್ಲಗೆ ಒಗೆದರೆ ಗುರಿಯೂ ತಪ್ಪುತ್ತಿರಲಿಲ್ಲ, ಕಲ್ಲೂ ಹತ್ತಿರವೇ ಬೀಳುತ್ತಿತ್ತು. ಬಲಕ್ಕಿಂತ ಹದ ಮುಖ್ಯವೆಂಬ ಈ ಪಾಠ ಮುಂದೆ ಜಗತ್ತಿನ ಒಂದು ದೊಡ್ಡ ಆಟಕ್ಕೆ ಮೂಲವಾಯಿತು.

1883ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದ ನೈಸ್ಮಿತ್, 1887ರಲ್ಲಿ ಪದವೀಧರರಾದರು. ಅನಂತರ ಪಾದ್ರಿಯಾಗುವ ಉದ್ದೇಶದಿಂದ ಧರ್ಮಶಾಸ್ತ್ರ ವ್ಯಾಸಂಗ ಮಾಡಿ 1890ರಲ್ಲಿ ಅದನ್ನೂ ಮುಗಿಸಿದರು. ಈ ನಡುವೆ ವ್ಯಾಯಾಮಶಾಲೆ ಮತ್ತು ಫುಟ್‌ಬಾಲ್ ಅಂಗಳ ಅವರನ್ನು ಸೆಳೆದಿದ್ದವು. ಯುವಕರ ನಡತೆಯನ್ನು ತಿದ್ದಲು ಪ್ರವಚನ ಪೀಠದಷ್ಟೇ ಆಟದ ಅಂಗಳವೂ ಉಪಯುಕ್ತವೆಂಬ ನಂಬಿಕೆ ಅವರಲ್ಲಿ ಬೇರೂರಿತು. ಪಾದ್ರಿಯಾಗಬೇಕಿದ್ದವರು ಆಟದ ಮೇಷ್ಟ್ರಾಗಲು ಹೊರಟದ್ದು ಮನೆಯವರಿಗೆ ಹಿಡಿಸಲಿಲ್ಲ. ಅವರು ಮಾತ್ರ ಹಿಂದೆ ತಿರುಗಿ ನೋಡಲಿಲ್ಲ.

ಎರಡು ವಾರಗಳ ಗಡುವು

1890ರಲ್ಲಿ ನೈಸ್ಮಿತ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಬಂದರು. ಮರುವರ್ಷ ಅಲ್ಲಿಯೇ ಶಿಕ್ಷಕರಾದರು. ಆ ಪ್ರದೇಶದಲ್ಲಿ ಚಳಿಗಾಲ ಬಂತೆಂದರೆ ಅಂಗಳವೆಲ್ಲ ಹಿಮ. ಹೊರಗೆ ಫುಟ್‌ಬಾಲ್ ಆಡಲಾಗದು, ಒಳಗೆ ದಿನವೂ ಅದೇ ಕವಾಯತು, ಅದೇ ಕಸರತ್ತು. ಹದಿನೆಂಟು ಮಂದಿಯ ಒಂದು ತರಗತಿ ಇದರಿಂದ ಬೇಸತ್ತು ಶಿಕ್ಷಕರ ಮಾತು ಕೇಳದ ಸ್ಥಿತಿಗೆ ಬಂದಿತ್ತು. ವಿಭಾಗದ ಮುಖ್ಯಸ್ಥ ಲೂಥರ್ ಗುಲಿಕ್ ಆ ತರಗತಿಯನ್ನು ನೈಸ್ಮಿತ್ ಅವರಿಗೆ ವಹಿಸಿ, ಎರಡು ವಾರಗಳೊಳಗೆ ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ರೂಪಿಸುವಂತೆ ಸೂಚಿಸಿದರು.

ಫುಟ್‌ಬಾಲ್, ಲಕ್ರಾಸ್ ಮೊದಲಾದ ಆಟಗಳನ್ನೇ ಒಳಗೆ ಆಡಿಸಿ ನೋಡಿದಾಗ ಹುಡುಗರಿಗೆ ಗಾಯಗಳಾದವು. ಗಡುವು ಮುಗಿಯುವ ಹೊತ್ತಿಗೆ ನೈಸ್ಮಿತ್ ಸಮಸ್ಯೆಯನ್ನು ಬಿಡಿಸಿ ನೋಡತೊಡಗಿದರು. ಚೆಂಡು ಹಿಡಿದು ಓಡುವವನನ್ನು ಕೆಡವುವುದರಿಂದಲೇ ಪೆಟ್ಟಾಗುವುದು. ಹಾಗಾದರೆ ಚೆಂಡು ಹಿಡಿದವನು ಓಡಕೂಡದು. ಗುರಿ ನೆಲದ ಮಟ್ಟದಲ್ಲಿದ್ದರೆ ಬಲವಾಗಿ ಹೊಡೆಯುತ್ತಾರೆ. ಹಾಗಾದರೆ ಗುರಿ ತಲೆಯ ಮೇಲಿರಬೇಕು. ಬಾಲ್ಯದ ಕಲ್ಲಿನ ಆಟ ಇಲ್ಲಿ ನೆನಪಿಗೆ ಬಂತು. ಶಾಲೆಯ ನೌಕರನ ಬಳಿ ಚೌಕಾಕಾರದ ಪೆಟ್ಟಿಗೆ ಕೇಳಿದರೆ ಆತ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತಂದುಕೊಟ್ಟ. ಅವುಗಳನ್ನು ಮೇಲಂತಸ್ತಿನ ಕಟಾಂಜನಕ್ಕೆ ಮೊಳೆ ಹೊಡೆದು ಕೂಡಿಸಲಾಯಿತು. ಆ ಕಟಾಂಜನ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಬಾಸ್ಕೆಟ್ ಇಂದಿಗೂ ಅದೇ ಎತ್ತರದಲ್ಲಿದೆ.

ಹದಿಮೂರು ನಿಯಮಗಳನ್ನು ಬೆರಳಚ್ಚು ಮಾಡಿಸಿ ಗೋಡೆಗೆ ಹಚ್ಚಲಾಯಿತು. 1891ರ ಡಿಸೆಂಬರ್‌ನಲ್ಲಿ ತಲಾ ಒಂಬತ್ತು ಮಂದಿಯ ಎರಡು ತಂಡಗಳು ಫುಟ್‌ಬಾಲ್ ಚೆಂಡನ್ನೇ ಹಿಡಿದು ಮೊದಲ ಪಂದ್ಯ ಆಡಿದವು. ಇಡೀ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು. ಬೇಸತ್ತಿದ್ದ ತರಗತಿಗೆ ಆಟ ಹಿಡಿಸಿಬಿಟ್ಟಿತು. ಶಿಷ್ಯನೊಬ್ಬ ಈ ಆಟಕ್ಕೆ ಗುರುವಿನ ಹೆಸರನ್ನೇ ಇಡೋಣವೆಂದಾಗ ನೈಸ್ಮಿತ್ ನಕ್ಕು ತಳ್ಳಿಹಾಕಿದರು. ಬುಟ್ಟಿಯೂ ಇದೆ, ಚೆಂಡೂ ಇದೆ ಎಂದು ಹೆಸರು ಬ್ಯಾಸ್ಕೆಟ್‌ಬಾಲ್ ಎಂದೇ ಆಯಿತು. ಈ ಆಟಕ್ಕೆ ಅವರು ಹಕ್ಕುಸ್ವಾಮ್ಯ ಪಡೆಯಲಿಲ್ಲ, ಅದರಿಂದ ಸಿರಿವಂತರಾಗಲೂ ಇಲ್ಲ.

ಕಾನ್ಸಾಸ್‌ನ ಹೊಸ ಮೇಷ್ಟ್ರು

1894ರಲ್ಲಿ ಮಾಡ್ ಶೆರ್ಮನ್ ಅವರನ್ನು ವಿವಾಹವಾದ ನೈಸ್ಮಿತ್, ಮರುವರ್ಷ ಡೆನ್ವರ್ ನಗರಕ್ಕೆ ಹೋದರು. ಅಲ್ಲಿನ ವೈಎಂಸಿಎಯಲ್ಲಿ ದುಡಿಯುತ್ತಲೇ ವೈದ್ಯಕೀಯ ವ್ಯಾಸಂಗ ಮಾಡಿ 1898ರಲ್ಲಿ ವೈದ್ಯ ಪದವಿ ಪಡೆದರು. ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾಲಯದಿಂದ ಕರೆ ಬಂತು. ಆ ವಿಶ್ವವಿದ್ಯಾಲಯಕ್ಕೆ ಬೇಕಾಗಿದ್ದದ್ದು ಪ್ರಾರ್ಥನಾ ಸಭೆಗಳನ್ನು ನಡೆಸಬಲ್ಲ ಮತ್ತು ವಿದ್ಯಾರ್ಥಿಗಳಿಗೆ ದೈಹಿಕ ಶಿಕ್ಷಣ ಕೊಡಬಲ್ಲ ಒಬ್ಬ ವ್ಯಕ್ತಿ. ಬ್ಯಾಸ್ಕೆಟ್‌ಬಾಲ್ ತಂಡವನ್ನು ಗೆಲ್ಲಿಸುವವರು ಬೇಕೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಕಬಡ್ಡಿಯಿಂದ ಹಿಡಿದು ಗುಂಡು ಎಸೆತದವರೆಗೆ ಎಲ್ಲದಕ್ಕೂ ಒಬ್ಬರೇ ಹೊಣೆಯಾಗಿರುವಂತೆ, ನೈಸ್ಮಿತ್ ಅವರಿಗೂ ವ್ಯಾಯಾಮ, ಆರೋಗ್ಯ ತಪಾಸಣೆ, ಕತ್ತಿವರಸೆ, ಪ್ರಾರ್ಥನೆ ಎಲ್ಲವೂ ಕೂಡಿಯೇ ಇದ್ದವು.

ಆಟವನ್ನು ಹುಟ್ಟುಹಾಕಿದವರೇ ಬಂದಿರುವಾಗ ವಿದ್ಯಾರ್ಥಿಗಳು ಸುಮ್ಮನಿರುವರೆ? ತಂಡವೊಂದು ಸಿದ್ಧವಾಯಿತು. 1899ರ ಫೆಬ್ರವರಿ 3ರಂದು ಕಾನ್ಸಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಪಂದ್ಯವನ್ನು ಕಾನ್ಸಾಸ್ ಸಿಟಿಯ ವೈಎಂಸಿಎ ತಂಡದ ವಿರುದ್ಧ ಆಡಿತು. ಫಲಿತಾಂಶ 16-5. ಸೋತದ್ದು ಆಟದ ಜನಕನ ತಂಡ. ಹೊಸಬರ ಮೇಲೆ ಭರವಸೆ ಇಟ್ಟವರಿಗೆ ಇದು ಆಶಾದಾಯಕ ಆರಂಭವೇನೂ ಆಗಿರಲಿಲ್ಲ.

ಆದರೆ ಋತು ಮುಗಿಯುವಷ್ಟರಲ್ಲಿ ಚಿತ್ರ ಬದಲಾಗಿತ್ತು. ಹನ್ನೊಂದು ಪಂದ್ಯಗಳಲ್ಲಿ ಏಳು ಗೆಲುವು, ನಾಲ್ಕು ಸೋಲು. ಮೊದಲ ವರ್ಷದ ಲೆಕ್ಕವನ್ನಷ್ಟೇ ನೋಡಿದವರು ಹೊಸ ಮೇಷ್ಟ್ರು ಪರೀಕ್ಷೆಯಲ್ಲಿ ತೇರ್ಗಡೆಯಾದರೆಂದೇ ಬರೆಯಬೇಕಿತ್ತು. ಮುಂದಿನದನ್ನು ಆ ಲೆಕ್ಕ ತಿಳಿಸುವಂತಿರಲಿಲ್ಲ.

ಒಂಬತ್ತು ವರ್ಷಗಳ ಅಂಕಪಟ್ಟಿ

ಎರಡನೆಯ ಋತುವಿನಲ್ಲಿ ಮೂರು ಗೆಲುವು, ನಾಲ್ಕು ಸೋಲು. ಮೂರನೆಯದರಲ್ಲಿ ನಾಲ್ಕು ಗೆಲುವು, ಎಂಟು ಸೋಲು. ಅಲ್ಲಿಂದ 1905ರವರೆಗೆ ಯಾವ ವರ್ಷವೂ ಗೆಲುವು ಸೋಲನ್ನು ಮೀರಲಿಲ್ಲ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಆ ವರ್ಷವೇ ಆರಂಭವಾದ ಋತುವಿನಲ್ಲಿ ಮಾತ್ರ ಕಾನ್ಸಾಸ್ ತಂಡ 12 ಪಂದ್ಯ ಗೆದ್ದು ಏಳರಲ್ಲಿ ಸೋತಿತು. ಮರುವರ್ಷ ಮತ್ತೆ ಏಳು ಗೆಲುವು, ಎಂಟು ಸೋಲು. 1907ರಲ್ಲಿ ನೈಸ್ಮಿತ್ ತರಬೇತಿಯ ಹೊಣೆ ಬಿಟ್ಟುಕೊಟ್ಟಾಗ ಒಂಬತ್ತು ಋತುಗಳ ಒಟ್ಟು ಲೆಕ್ಕ 55 ಗೆಲುವು, 60 ಸೋಲು. ಗೆಲುವಿನ ಋತುಗಳು ಎರಡೇ, ಅವುಗಳಲ್ಲಿ ಮೊದಲನೆಯದೂ ಒಂದು.

ಇದಕ್ಕೆ ಕಾರಣಗಳು ಇಲ್ಲದಿರಲಿಲ್ಲ. ಆಡಲು ಸರಿಯಾದ ಒಳಾಂಗಣವೇ ಇರಲಿಲ್ಲ. ವಿಶ್ವವಿದ್ಯಾಲಯದ ವ್ಯಾಯಾಮ ಮಂದಿರ ಸಿದ್ಧವಾದದ್ದು 1907ರಲ್ಲಿ, ಅವರು ತಂಡ ಬಿಟ್ಟ ವರ್ಷ. ಎದುರಾಳಿಗಳಲ್ಲಿ ಹಲವರು ವೈಎಂಸಿಎ ತಂಡಗಳ ನುರಿತ ಆಟಗಾರರು.

ಎಲ್ಲಕ್ಕಿಂತ ಮುಖ್ಯ ಕಾರಣ ನೈಸ್ಮಿತ್ ಅವರ ದೃಷ್ಟಿ. ಬ್ಯಾಸ್ಕೆಟ್‌ಬಾಲ್ ಅವರಿಗೆ ವ್ಯಾಯಾಮದ ಒಂದು ಸಾಧನ, ಸಜ್ಜನಿಕೆ ಕಲಿಸುವ ಒಂದು ದಾರಿ. ಕುಸ್ತಿ, ಕಸರತ್ತುಗಳು ದೇಹಕ್ಕೆ ಇದಕ್ಕಿಂತ ಒಳ್ಳೆಯವೆಂದೂ ಅವರು ಭಾವಿಸಿದ್ದರು. ಅಂಗಳದ ಅಂಚಿನಲ್ಲಿ ನಿಂತು ಕೂಗಿ ಆಟಗಾರರನ್ನು ನಡೆಸುವುದು ಅವರಿಗೆ ಸರಿಬರಲಿಲ್ಲ. ಆಟ ಶುರುವಾದ ಮೇಲೆ ನಿರ್ಧಾರ ಆಟಗಾರನದೇ ಆಗಿರಬೇಕು; ಗುರುವಿನ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು. ಎಷ್ಟೋ ಪಂದ್ಯಗಳಲ್ಲಿ ಅವರು ತೀರ್ಪುಗಾರರಾಗಿಯೂ ಅಂಗಳಕ್ಕೆ ಇಳಿದರು. ತನ್ನ ತಂಡದ ತಪ್ಪಿಗೂ ತಾನೇ ಸೀಟಿ ಊದುವವರಿಂದ ಅಭಿಮಾನಿಗಳು ಗೆಲುವಿನ ಹಟವನ್ನು ನಿರೀಕ್ಷಿಸುವುದಾದರೂ ಹೇಗೆ?

ಗುರುವನ್ನು ಮೀರಿದ ಶಿಷ್ಯ

ನೈಸ್ಮಿತ್ ತಂಡದಲ್ಲಿ ಫಾರೆಸ್ಟ್ ಅಲೆನ್ ಎಂಬ ಆಟಗಾರನಿದ್ದ. ಫಾಗ್ ಅಲೆನ್ ಎಂದೇ ಪ್ರಸಿದ್ಧನಾದ ಆತನಿಗೆ ಸಮೀಪದ ಬೇಕರ್ ಕಾಲೇಜಿನಿಂದ ತರಬೇತುದಾರನಾಗುವ ಆಹ್ವಾನ ಬಂದಾಗ ಗುರುಗಳಿಗೆ ಅಚ್ಚರಿಯಾಯಿತಂತೆ. ಈ ಆಟವನ್ನು ಆಡಬಹುದೇ ಹೊರತು ಅದಕ್ಕೆ ತರಬೇತಿ ಕೊಡಲಾಗದೆಂಬುದು ಅವರ ಅಭಿಪ್ರಾಯವಾಗಿತ್ತೆಂಬ ಪ್ರಸಂಗ ಕಾನ್ಸಾಸ್‌ನಲ್ಲಿ ಇಂದಿಗೂ ಪ್ರಚಲಿತ. ಅಲೆನ್ ಆ ಮಾತನ್ನು ಒಪ್ಪಲಿಲ್ಲ. 1907ರಲ್ಲಿ ಗುರುವಿನ ಸ್ಥಾನಕ್ಕೆ ಬಂದದ್ದೂ ಅವರೇ. ಅವರ ಮೊದಲ ಋತುವಿನ ಲೆಕ್ಕ 18 ಗೆಲುವು, ಆರು ಸೋಲು. ಎರಡನೆಯದು 25 ಗೆಲುವು, ಮೂರೇ ಸೋಲು.

ಅಭಿಮಾನಿಗಳ ತಕ್ಕಡಿ ಯಾವ ಕಡೆ ವಾಲಿತೆಂಬುದನ್ನು ಹೇಳಬೇಕಾಗಿಲ್ಲ. ವಾಲಿದ್ದು ತಪ್ಪೂ ಅಲ್ಲ. ಅಲೆನ್ ಕೆಲವು ವರ್ಷ ಬೇರೆಡೆ ದುಡಿದು, 1919ರಲ್ಲಿ ಮರಳಿ ಬಂದು 1956ರವರೆಗೆ ಅಲ್ಲಿಯೇ ತರಬೇತುದಾರರಾಗಿದ್ದರು. 1952ರಲ್ಲಿ ಅವರ ತಂಡ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿತು. ತರಬೇತಿ ಎಂಬುದೊಂದು ವಿದ್ಯೆ, ಅದನ್ನು ಕಲಿಯಬಹುದು, ಕಲಿಸಬಹುದು ಎಂದು ಅವರು ತೋರಿಸಿಕೊಟ್ಟರು. ಈ ಒಂದು ವಿಷಯದಲ್ಲಿ ಗುರುವಿನ ಎಣಿಕೆ ತಪ್ಪಾಗಿತ್ತು, ಶಿಷ್ಯನ ಎಣಿಕೆ ಸರಿಯಾಗಿತ್ತು. ಕಾಲೇಜು ಬ್ಯಾಸ್ಕೆಟ್‌ಬಾಲ್ ಇಂದು ಸಾವಿರಾರು ಪ್ರೇಕ್ಷಕರನ್ನು ಸೆಳೆಯುವ ಮಹಾ ಉತ್ಸವವಾಗಿರುವುದು ನೈಸ್ಮಿತ್ ಹಾದಿಯಿಂದಲ್ಲ, ಅಲೆನ್ ಹಾದಿಯಿಂದ.

ಆದರೂ ಇಬ್ಬರ ನಡುವೆ ವೈಮನಸ್ಯ ಬೆಳೆಯಲಿಲ್ಲ. ನೈಸ್ಮಿತ್ ದೈಹಿಕ ಶಿಕ್ಷಣದ ಪ್ರಾಧ್ಯಾಪಕರಾಗಿ 1937ರವರೆಗೆ ಅದೇ ಆವರಣದಲ್ಲಿ ದುಡಿದರು. ತಮ್ಮ ಸ್ಥಾನದಲ್ಲಿ ಕುಳಿತ ಶಿಷ್ಯನ ಕೀರ್ತಿ ತಮ್ಮ ಕಣ್ಣೆದುರೇ ಬೆಳೆಯುವುದನ್ನು ಅವರು ಸಮಾಧಾನದಿಂದ ನೋಡಿದರು. ಅದೇ ಶಿಷ್ಯ ಮುಂದೆ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್ ಸೇರಬೇಕೆಂದು ದುಡಿದವರಲ್ಲಿ ಮೊದಲಿಗರಾದರು.

ಅಂಕಪಟ್ಟಿಯ ಆಚೆ

ನೈಸ್ಮಿತ್ ಅವರ ಮತ್ತೊಬ್ಬ ಶಿಷ್ಯನ ಹೆಸರು ಜಾನ್ ಮೆಕ್‌ಲೆಂಡನ್. 1933ರಲ್ಲಿ ಕಾನ್ಸಾಸ್‌ಗೆ ಬಂದ ಈ ಕರಿಯ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಅವಕಾಶವಿರಲಿಲ್ಲ. ವರ್ಣಭೇದ ಅದಕ್ಕೆ ಅಡ್ಡಿಯಾಗಿತ್ತು. ಎಪ್ಪತ್ತು ದಾಟಿದ್ದ ನೈಸ್ಮಿತ್ ಆತನ ಮಾರ್ಗದರ್ಶಕರಾದರು. ತಂಡದ ಅಂಗಳಕ್ಕೆ ಕಾಲಿಡಲಾಗದ ಹುಡುಗನಿಗೆ ಆ ಆಟದ ಜನಕರೇ ಪಾಠ ಹೇಳಿದರು. 1936ರಲ್ಲಿ ಪದವಿ ಪಡೆದ ಮೆಕ್‌ಲೆಂಡನ್ ಮುಂದೆ ತರಬೇತುದಾರರಾದರು. ಅವರು ತರಬೇತಿ ಕೊಟ್ಟ ಟೆನೆಸ್ಸೀಯ ಕಾಲೇಜು ತಂಡ 1957, 1958 ಮತ್ತು 1959ರಲ್ಲಿ ಸತತ ಮೂರು ಬಾರಿ ಎನ್‌ಎಐಎ ರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ಅಮೆರಿಕದ ಶ್ರೇಷ್ಠ ತರಬೇತುದಾರರ ಸಾಲಿನಲ್ಲಿ ಇಂದು ಅವರ ಹೆಸರಿದೆ.

ಅಲೆನ್ ಬಳಿ ಆಡಿದ ಅಡಾಲ್ಫ್ ರಪ್ ಕೆಂಟಕಿಯಲ್ಲಿ, ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾದಲ್ಲಿ ದೊಡ್ಡ ತರಬೇತುದಾರರಾಗಿ ಬೆಳೆದರು. ಹೀಗೆ ಶಿಷ್ಯ, ಶಿಷ್ಯನ ಶಿಷ್ಯ ಎಂದು ಎಣಿಸುತ್ತ ಹೋದರೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಬಹುದೊಡ್ಡ ಬಳ್ಳಿಯೊಂದು 55-60ರ ಆ ಲೆಕ್ಕದವರ ಬಳಿಯೇ ಬಂದು ನಿಲ್ಲುತ್ತದೆ. ನಮ್ಮ ಸೀಮೆಯ ಗರಡಿ ಮನೆಗಳಲ್ಲಿ ಉಸ್ತಾದನನ್ನು ಆತ ಕಣದಲ್ಲಿ ಗೆದ್ದ ಕುಸ್ತಿಗಳಿಂದ ಅಳೆಯುವುದಿಲ್ಲ, ಆತ ತಯಾರು ಮಾಡಿದ ಪೈಲ್ವಾನರಿಂದ ಅಳೆಯುತ್ತಾರೆ. ಆ ಅಳತೆಗೋಲು ನೈಸ್ಮಿತ್ ಅವರಿಗೂ ಸರಿಯಾಗಿ ಹೊಂದುತ್ತದೆ.

ತರಬೇತಿ ಬಿಟ್ಟ ಮೇಲೂ ನೈಸ್ಮಿತ್ ಸುಮ್ಮನೆ ಕೂರಲಿಲ್ಲ. 1916ರಲ್ಲಿ ಕಾನ್ಸಾಸ್ ಪಡೆಯೊಡನೆ ಪಾದ್ರಿಯಾಗಿ ಮೆಕ್ಸಿಕೊ ಗಡಿಗೆ ಹೋದರು. ಮೊದಲ ಮಹಾಯುದ್ಧದ ಕಾಲದಲ್ಲಿ ವೈಎಂಸಿಎ ಪರವಾಗಿ ಫ್ರಾನ್ಸ್‌ನಲ್ಲಿ ಸೈನಿಕರ ಸೇವೆ ಮಾಡಿದರು. ಅಮೆರಿಕದ ಪೌರತ್ವ ಪಡೆದದ್ದು 1925ರಲ್ಲಿ.

ಬರ್ಲಿನ್‌ನ ಮಳೆ

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿಗೆ ಪದಕದ ಆಟವಾಯಿತು. ಅದನ್ನು ಕಣ್ಣಾರೆ ಕಾಣಲು ಬೇಕಾದ ಪ್ರಯಾಣದ ಹಣ ನೈಸ್ಮಿತ್ ಬಳಿ ಇರಲಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬಳಗವೇ ಹಣ ಕೂಡಿಸಿ ಅವರನ್ನು ಕಳುಹಿಸಿತು. ಎಸ್ಟೋನಿಯಾ ಮತ್ತು ಫ್ರಾನ್ಸ್ ನಡುವಿನ ಮೊದಲ ಪಂದ್ಯಕ್ಕೆ ಚೆಂಡು ಚಿಮ್ಮಿದವರು ಅವರೇ. ಫೈನಲ್ ನಡೆದದ್ದು ಬಯಲಿನ ಅಂಗಳದಲ್ಲಿ, ಸುರಿಯುವ ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯದ ಆ ಪಂದ್ಯದಲ್ಲಿ ಅಮೆರಿಕ ತಂಡ ಕೆನಡಾವನ್ನು 19-8ರಿಂದ ಸೋಲಿಸಿತು. ಒಂದು ಹುಟ್ಟಿದ ನಾಡು, ಇನ್ನೊಂದು ಬೆಳೆದ ನಾಡು. ಎರಡಕ್ಕೂ ಪದಕ ತೊಡಿಸುವ ಯೋಗ ಆ ವೃದ್ಧರದಾಯಿತು.

1937ರಲ್ಲಿ ಪತ್ನಿ ಮಾಡ್ ತೀರಿಕೊಂಡರು. 1939ರಲ್ಲಿ ಅವರು ಫ್ಲಾರೆನ್ಸ್ ಕಿಂಕೇಡ್ ಅವರನ್ನು ಮರುಮದುವೆಯಾದರು. ಅದೇ ವರ್ಷ ನವೆಂಬರ್ 28ರಂದು, ಮೆದುಳಿನ ರಕ್ತಸ್ರಾವದಿಂದ, ಲಾರೆನ್ಸ್ ಪಟ್ಟಣದಲ್ಲಿ ನಿಧನರಾದರು. ಅವರಿಗೆ 78 ವರ್ಷವಾಗಿತ್ತು. 1959ರಲ್ಲಿ ಆರಂಭವಾದ ಬ್ಯಾಸ್ಕೆಟ್‌ಬಾಲ್ ಕೀರ್ತಿ ಮಂದಿರಕ್ಕೆ ಅವರ ಹೆಸರನ್ನೇ ಇಡಲಾಯಿತು. ಅವರು ಬೆರಳಚ್ಚು ಮಾಡಿಸಿ ಗೋಡೆಗೆ ಹಚ್ಚಿದ್ದ ಹದಿಮೂರು ನಿಯಮಗಳ ಹಾಳೆಗಳು 2010ರ ಹರಾಜಿನಲ್ಲಿ 43 ಲಕ್ಷ ಡಾಲರ್‌ಗೆ ಮಾರಾಟವಾದವು. ಕೊಂಡವರು ಅವುಗಳನ್ನು ಕಾನ್ಸಾಸ್ ವಿಶ್ವವಿದ್ಯಾಲಯಕ್ಕೇ ತಲುಪಿಸಿದರು. ಅಲ್ಲಿನ ಒಳಾಂಗಣ ಕ್ರೀಡಾಂಗಣಕ್ಕೆ ಅಲೆನ್ ಹೆಸರು, ಅದರೊಳಗಿನ ಅಂಗಳಕ್ಕೆ ನೈಸ್ಮಿತ್ ಹೆಸರು. ಗುರುವಿನ ನೆಲದ ಮೇಲೆ ಶಿಷ್ಯನ ಸೂರು.

ನಮ್ಮ ಅಂಗಳಕ್ಕೆ

ಸ್ಪ್ರಿಂಗ್‌ಫೀಲ್ಡ್‌ನ ಆಟ ಭಾರತಕ್ಕೆ ಬಂದದ್ದು ವೈಎಂಸಿಎ ಮೂಲಕ. ಮೊದಲ ಪಂದ್ಯದ ತಂಡವೊಂದರ ನಾಯಕನಾಗಿದ್ದ ಡಂಕನ್ ಪ್ಯಾಟನ್ 1894ರಲ್ಲಿ ಅದನ್ನು ಇಲ್ಲಿಗೆ ತಂದನೆಂದು ಹೇಳಲಾಗುತ್ತದೆ. 1920ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದರು. ದಕ್ಷಿಣ ಭಾರತದ ಎಷ್ಟೋ ಶಾಲೆ ಕಾಲೇಜುಗಳಿಗೆ ಆಟದ ಮೇಷ್ಟ್ರುಗಳನ್ನು ಕೊಟ್ಟ ಸಂಸ್ಥೆ ಅದು. 1934ರಲ್ಲಿ ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ತಂಡವೂ ಆಡಿತು.

ನೈಸ್ಮಿತ್ ಕಾನ್ಸಾಸ್‌ನಲ್ಲಿ ಮೊದಲ ಪಂದ್ಯ ಸೋತ ಕಾಲಕ್ಕೆ ಗದಗ ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಅಂದು ಇಲ್ಲಿ ಹೆಸರೂ ಕೇಳಿರದ ಆ ಆಟವನ್ನು ಇಂದು ಕಾಲೇಜು ಹುಡುಗರು ಬಲ್ಲರು. ಹತ್ತು ಅಡಿ ಎತ್ತರದ ಬಳೆಯತ್ತ ಚೆಂಡನ್ನು ಬೀಸಿ ಒಗೆಯದೆ, ಮೇಲಕ್ಕೆತ್ತಿ ಹದವಾಗಿ ಬಿಡುವಾಗ ಅವರು ಆಲ್ಮಾಂಟ್‌ನ ತಬ್ಬಲಿ ಬಾಲಕನ ಕಲ್ಲಿನ ಪಾಠವನ್ನೇ ಒಪ್ಪಿಸುತ್ತಿರುತ್ತಾರೆ.

ಲೆಕ್ಕ ಕೇಳುವ ಹಕ್ಕು ಅಭಿಮಾನಿಗಳಿಗೆ ಇದ್ದೇ ಇದೆ. ಅಲೆನ್‌ನಂಥವರು ಬೆಳೆದದ್ದು ಆ ಒತ್ತಾಯದಿಂದಲೂ ಹೌದು. ಆದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಅವಸರ ಸಲ್ಲದು. ಮೊದಲ ಋತುವಿನ 7-4 ನೈಸ್ಮಿತ್ ಅವರ ಮುಂದಿನ ಸೋಲುಗಳನ್ನು ಮುನ್ನುಡಿಯಲಿಲ್ಲ. ಒಂಬತ್ತು ಋತುಗಳ 55-60 ಅವರ ಶಿಷ್ಯರನ್ನು ಎಣಿಸಲಿಲ್ಲ. ಹೊಸ ಮೇಷ್ಟ್ರ ಮೊದಲ ವರ್ಷವನ್ನು ತೂಗುವವರು ಗೆದ್ದ ಪಂದ್ಯಗಳ ಜೊತೆಗೆ, ಸಂಜೆ ಅಂಗಳಕ್ಕೆ ಬರುವ ಹುಡುಗರು ಹೆಚ್ಚಾದರೆ, ತಂಡದಲ್ಲಿ ಜಾಗ ಸಿಗದ ಹುಡುಗನನ್ನೂ ಮೇಷ್ಟ್ರು ಹತ್ತಿರ ಕರೆದರೆ ಎಂಬುದನ್ನೂ ತಕ್ಕಡಿಗೆ ಹಾಕಿ ನೋಡಿದರೆ ಒಳಿತು. ಆ ಬದಿಯ ತೂಕ ತಿಳಿಯಲು ಕೆಲವು ವರ್ಷ ಕಾಯಬೇಕಾಗುತ್ತದೆ. ಕಾನ್ಸಾಸ್ ಕಾದಿತ್ತು.